ಕೂಲಿ ಸಿಗದ ಗಂಟೆಗಳ ಲೆಕ್ಕ

ಪ್ರಶ್ನೆ: ವಿಮಾ ಕಂಪನಿಯೊಂದರ ನೌಕರಿ ಬಿಟ್ಟು ಎರಡು ವರ್ಷಗಳಿಂದ ಮನೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಇಂಗ್ಲಿಷ್, ಹಿಂದಿಯಿಂದ ಕನ್ನಡಕ್ಕೆ ಕರಪತ್ರಗಳ ಅನುವಾದ, ಮುಂಬಯಿಯ ಅಂಧೇರಿಯ ಸ್ಟುಡಿಯೋಗಳಿಗೆ ಜಾಹೀರಾತಿನ ಡಬ್ಬಿಂಗ್ ಸಾಲುಗಳು, ಹೀಗೆ ಕೆಲಸಕ್ಕೇನೂ ಬರವಿಲ್ಲ. ಆದರೆ ಬಿಲ್ಲಿನ ಹಣ ಮೂರು ತಿಂಗಳು ತಡವಾಗಿ ಬರುತ್ತದೆ, ಬಂದದ್ದು ಮನೆಖರ್ಚಿಗೆ ಸಾಲುವುದಿಲ್ಲ. ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ನನ್ನ ತಂದೆಯವರ ಬದುಕನ್ನು ಬರೆಯಬೇಕೆಂದೇ ನೌಕರಿ ಬಿಟ್ಟೆ. ಆ ಬರಹ ಮೂವತ್ತನೆಯ ಪುಟದಲ್ಲೇ ನಿಂತಿದೆ. ಮತ್ತೆ ನೌಕರಿಗೆ ಸೇರುವುದೇ ಸರಿಯೆ?
(ಓದುಗರು, ಡೊಂಬಿವಲಿ)

ಉತ್ತರ: ನೌಕರಿಯ ಮಾತು ಆಮೇಲೆ. ಪತ್ರದೊಂದಿಗೆ ನೀವು ಕಳುಹಿಸಿರುವ ಬಿಲ್ಲನ್ನು ಮೊದಲು ನೋಡೋಣ. 2,000 ಪದಗಳ ವಿಮಾ ಕರಪತ್ರ, ಪದವೊಂದಕ್ಕೆ 1.50 ರೂಪಾಯಿಯಂತೆ 3,000 ರೂಪಾಯಿ. ಅನುವಾದಕ್ಕೆ ಹಿಡಿದದ್ದು 8 ಗಂಟೆ ಎಂದು ಬರೆದಿದ್ದೀರಿ. ಕಂತು ಕಟ್ಟದೆ ನಿಂತುಹೋದ (ಲ್ಯಾಪ್ಸ್ ಆದ) ಪಾಲಿಸಿಯನ್ನು ‘ರದ್ದಾದ ಪಾಲಿಸಿ’ ಎಂದರೆ ತಪ್ಪಾಗುತ್ತದೆ, ಬಾಕಿ ಕಂತು ಕಟ್ಟಿ ಅದನ್ನು ಮತ್ತೆ ಚಾಲ್ತಿಗೆ ತರಲು ಅವಕಾಶವಿರುತ್ತದೆಯಲ್ಲ ಎಂದು ಯೋಚಿಸುತ್ತ, ಇಂಥ ಪದಗಳ ಬೆನ್ನು ಹತ್ತಿದ್ದಕ್ಕೆ 3 ಗಂಟೆ, ಎರಡು ಸಲದ ತಿದ್ದುಪಡಿಗೆ 3 ಗಂಟೆ, ದೂರವಾಣಿ ಮತ್ತು ಹಣದ ತಗಾದೆಗೆ 2 ಗಂಟೆ ಎಂದೂ ನೀವೇ ಹೇಳಿದ್ದೀರಿ. ಒಟ್ಟು 16 ಗಂಟೆ. ಗಂಟೆಗೆ 190 ರೂಪಾಯಿಯೂ ಬೀಳಲಿಲ್ಲ. ನಿಮ್ಮ ದರ ನಿಗದಿಯಾಗಿರುವುದು ಮೊದಲ 8 ಗಂಟೆಗಳಿಗೆ ಮಾತ್ರ. ಉಳಿದ 8 ಗಂಟೆಗಳನ್ನು ನೀವು ಗಿರಾಕಿಗೆ ದಾನ ಮಾಡಿದ್ದೀರಿ, ಮೂವತ್ತನೆಯ ಪುಟದ ಮುಂದೆ ಹೋಗಬೇಕಾಗಿದ್ದ ಗಂಟೆಗಳೂ ಅವೇ.

ಆದ್ದರಿಂದ ಮುಂದಿನ ಒಂದು ತಿಂಗಳು, ಪ್ರತಿ ಕೆಲಸಕ್ಕೂ ಹಿಡಿದ ಎಲ್ಲ ಗಂಟೆಗಳನ್ನು ಒಂದು ನೋಟುಬುಕ್ಕಿನಲ್ಲಿ ಗುರುತು ಹಾಕಿ, ಸ್ಟುಡಿಯೋದ ಹೊರಗೆ ಕಾದು ಕುಳಿತ ಸಮಯವನ್ನೂ ಬಿಡದೆ. ತಿಂಗಳ ಕೊನೆಗೆ ಗಂಟೆಗೆ ಅತಿ ಕಡಿಮೆ ಕೊಡುವ ಇಬ್ಬರು ಗಿರಾಕಿಗಳು ಯಾರೆಂಬುದು ತಾನಾಗಿಯೇ ಗೊತ್ತಾಗುತ್ತದೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ತಿದ್ದುಪಡಿ ಕೇಳುವವರೂ ಅವರೇ ಆಗಿರುತ್ತಾರೆ. ಅವರಿಗೆ ಹೊಸ ದರ ತಿಳಿಸಿ, ಒಪ್ಪದಿದ್ದರೆ ಬಿಟ್ಟುಬಿಡಿ. ಉಳಿದವರಿಗೆ, ಕೆಲಸ ಹಿಡಿಯುವ ಮೊದಲೇ, ಒಂದು ಸಲದ ತಿದ್ದುಪಡಿ ದರದೊಳಗೆ ಸೇರಿದೆ, ಎರಡನೆಯದಕ್ಕೆ ಬೇರೆ ಶುಲ್ಕ, ಹೊಸ ಗಿರಾಕಿಯಾದರೆ ಅರ್ಧ ಹಣ ಮುಂಗಡ ಎಂಬ ಮೂರು ಮಾತನ್ನು ಇ-ಮೇಲ್‌ನಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ದಾಕ್ಷಿಣ್ಯದ ನಷ್ಟ ಎಷ್ಟೆಂದು ನನಗೂ ಗೊತ್ತು; ಇಪ್ಪತ್ತು ವರ್ಷದ ಹಿಂದೆ ‘ನಮ್ಮೂರಿನವರೇ’ ಎಂದು ಬಾಯಿಮಾತಿನ ಮೇಲೆ ಮಾಡಿಕೊಟ್ಟ ಇಡೀ ಸ್ಮರಣ ಸಂಚಿಕೆಯೊಂದರ ಹಣ ನನಗೆ ಇಂದಿಗೂ ಬಂದಿಲ್ಲ.

ಡಬ್ಬಿಂಗ್ ಸಾಲುಗಳಿಗಂತೂ ಪದದ ದರವನ್ನು ಒಪ್ಪಲೇಬೇಡಿ. ಹಿಂದಿಯ ನಟ ‘ಕಮಾಲ್’ ಎಂದಾಗ ಎರಡನೆಯ ಅಕ್ಷರದಲ್ಲಿ ತುಟಿ ಕೂಡುತ್ತದೆ; ಅಲ್ಲಿ ‘ಸೊಗಸು’ ಎಂದು ಬರೆದರೆ ತುಟಿ ಮುಚ್ಚಿದ ಮುಖದಿಂದ ತುಟಿ ಮುಚ್ಚದ ಶಬ್ದ ಬರುತ್ತದೆ, ‘ಅಮೋಘ’ ಎಂದರೆ ಕೂಡಿಕೊಳ್ಳುತ್ತದೆ. ಇಂಥ ಒಂದು ಪದಕ್ಕಾಗಿ, ಅದೂ ವಿಭಕ್ತಿ ಪ್ರತ್ಯಯಗಳಿಂದ ಉದ್ದವಾಗುವ ನಮ್ಮ ವಾಕ್ಯವನ್ನು ಹತ್ತು ಸೆಕೆಂಡಿಗೆ ಹೊಂದಿಸುತ್ತ, ಅರ್ಧ ದಿನ ಹೋಗುವುದುಂಟು. ಇದಕ್ಕೆ ಕೇಳಬೇಕಾದದ್ದು ಜಾಹೀರಾತಿಗೆ ಇಷ್ಟು ಎಂಬ ಇಡಿಗಂಟು, ರೆಕಾರ್ಡಿಂಗ್ ವೇಳೆ ನಿಮ್ಮನ್ನು ಕೂರಿಸಿಕೊಂಡರೆ ಅದಕ್ಕೆ ಬೇರೆ.

ತಡವಾಗುವ ಹಣಕ್ಕೆ ಕಾನೂನಿನ ಆಸರೆಯಿದೆ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಶುಲ್ಕವಿಲ್ಲದೆ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಿ. ಕೆಲಸ ಒಪ್ಪಿಸುವ ಮೊದಲೇ ನೋಂದಣಿ ಆಗಿರಲಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಇಂಥವರಿಗೆ ಕೊಡಬೇಕಾದ ಹಣವನ್ನು ಬರಹದ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ದೂರು ಕೊಡುವ ಪ್ರಸಂಗ ಬರುವುದು ಅಪರೂಪ. ಬಿಲ್ಲಿನ ತಲೆಯಲ್ಲಿ ಉದ್ಯಮ್ ಸಂಖ್ಯೆಯನ್ನು ಕಂಡರೆ ಲೆಕ್ಕಪತ್ರ ವಿಭಾಗದವರು ಸಾಮಾನ್ಯವಾಗಿ ಆ ಬಿಲ್ಲನ್ನು ಕಡತದ ಅಡಿಗೆ ತಳ್ಳುವುದಿಲ್ಲ. ತೆರಿಗೆಯ ವಿಷಯದಲ್ಲಿ, ಗಿರಾಕಿ ಹಣ ಕೊಡುವಾಗಲೇ ಕಡಿತವಾದ ತೆರಿಗೆ (ಟಿಡಿಎಸ್) ನಿಮ್ಮ ಪ್ಯಾನ್ ಖಾತೆಯಲ್ಲಿ ಜಮೆಯಾಗಿದೆಯೇ ಎಂದು ವರ್ಷಕ್ಕೆರಡು ಸಲ ನೋಡಿಕೊಂಡರೆ ಸಾಕು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿಯ ಚಿಂತೆ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನು ನಿಮ್ಮ ತಂದೆಯವರ ಪುಸ್ತಕ. ಹೊಸ ದರದಿಂದ ಉಳಿಯುವ ಗಂಟೆಗಳಿಗೆ ಇನ್ನೊಬ್ಬ ಗಿರಾಕಿಯನ್ನು ಹುಡುಕಿಕೊಳ್ಳುವ ಆಸೆ ಖಂಡಿತ ಬರುತ್ತದೆ. ಅದಕ್ಕೆ ಎಡೆಗೊಡದೆ ಬೆಳಗಿನ ಎರಡು ಗಂಟೆಯನ್ನು ಮೊಬೈಲ್ ಮುಟ್ಟದೆ ಆ ಬರಹಕ್ಕೇ ಕೊಡಿ. ಹಗಲು ಲೋಟ ತೊಳೆದು ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ ಹೋದರೆ ಅವರನ್ನು ಬಲ್ಲವರು ಸಿಗಬಹುದು. ಗ್ರಂಥಾಲಯದ ಕೆಲಸಕ್ಕೆ ಕಾಲಿನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಕರಪತ್ರ ಕಾಯುತ್ತದೆ, ಆ ಹಿರಿಯರ ನೆನಪು ಕಾಯುವುದಿಲ್ಲ.

ನೌಕರಿಗೆ ಮರಳುವುದು ಸೋಲಲ್ಲ. ಆದರೆ ಈ ಹೊಸ ಲೆಕ್ಕದಲ್ಲಿ ಆರು ತಿಂಗಳು ನಡೆದು ನೋಡಿ. ಅಷ್ಟರಲ್ಲಿ ಮೂರು ತಿಂಗಳ ಮನೆಖರ್ಚಿನಷ್ಟೂ ಕೂಡಿಡಲು ಆಗದಿದ್ದರೆ ಅರೆಕಾಲಿಕ ಕೆಲಸವೊಂದನ್ನು ಹಿಡಿಯಿರಿ, ಬೆಳಗಿನ ಎರಡು ಗಂಟೆಯನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ನಾನು ಬರೆದ ರೇಡಿಯೋ ಜಾಹೀರಾತಿನ ಸಂಭಾಷಣೆಯನ್ನು ಆ ಸಂಸ್ಥೆ ಮರುವರ್ಷವೂ ಬಳಸಿತು. ಕೇಳಿದರೆ ‘ಒಮ್ಮೆ ಹಣ ಕೊಟ್ಟಾಯಿತು, ಅದು ನಮ್ಮದು’ ಎನ್ನುತ್ತಾರೆ. ಯಾವುದಕ್ಕೂ ಸಹಿ ಹಾಕಿಲ್ಲ.
(ಓದುಗರು, ಪುಣೆ)

ಉತ್ತರ: ಹಣ ಕೊಟ್ಟ ಮಾತ್ರಕ್ಕೆ ಹಕ್ಕು ಅವರದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರನಲ್ಲದ ಬರಹಗಾರನೇ ತನ್ನ ಸಾಹಿತ್ಯ ಕೃತಿಯ ಮೊದಲ ಒಡೆಯ. ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಲು ಸಹಿ ಇರುವ ಬರಹ ಬೇಕು, ಅದರಲ್ಲಿ ಅವಧಿ ಹೇಳಿರದಿದ್ದರೆ ಐದು ವರ್ಷವೆಂದು ತಿಳಿಯಬೇಕು. ಎರಡು ಮೂರು ಪದಗಳ ಘೋಷವಾಕ್ಯಕ್ಕೆ ಸಾಮಾನ್ಯವಾಗಿ ಈ ರಕ್ಷಣೆ ದೊರೆಯದು, ಆದರೆ ನಿಮ್ಮದು ಪೂರ್ಣ ಸಂಭಾಷಣೆ. ಮರುಬಳಕೆಗೆ ಮೊದಲ ಶುಲ್ಕದ ಅರ್ಧವನ್ನಾದರೂ ಕೇಳಿ ಸೌಮ್ಯವಾಗಿ ಪತ್ರ ಬರೆಯಿರಿ, ಮತ್ತು ಮುಂದಿನ ಬಿಲ್ಲಿನ ಕೆಳಗೆ ‘ಈ ಶುಲ್ಕ ಒಂದು ಜಾಹೀರಾತಿಗೆ, ರೇಡಿಯೋದಲ್ಲಿ, ಒಂದು ವರ್ಷದ ಬಳಕೆಗೆ ಮಾತ್ರ’ ಎಂಬ ಸಾಲನ್ನು ಸೇರಿಸಿ, ಕೆಲಸ ಆರಂಭಿಸುವ ಮೊದಲೇ ಅದಕ್ಕೆ ಅವರ ಒಪ್ಪಿಗೆ ಪಡೆದುಕೊಳ್ಳಿ.