ಸ್ಕ್ರೋಲ್ ಸಾ ಬ್ಲೇಡ್ ಗೆರೆ ಬಿಟ್ಟು ಬಲಕ್ಕೇ ಎಳೆಯುವುದು ಯಾಕೆ?

ಚಿಕ್ಕಮಗಳೂರಿನ ಮನೆಯಲ್ಲಿ ಸ್ಕ್ರೋಲ್ ಸಾದಲ್ಲಿ (ಸಣ್ಣ ಬ್ಲೇಡ್ ಮೇಲೆ ಕೆಳಗೆ ಓಡುತ್ತಾ ಮರ ಕತ್ತರಿಸುವ ಮಷಿನ್) ಸಿಲ್ವರ್ ಓಕ್ ಹಲಗೆಯಿಂದ ನೇಮ್ ಬೋರ್ಡ್ ಕತ್ತರಿಸುತ್ತಿದ್ದೀರಿ, ನೇರವಾಗಿ ತಳ್ಳಿದರೂ ಬ್ಲೇಡ್ ಬಲಕ್ಕೆ ಹೋಗುತ್ತದೆ, ಅಲ್ವಾ? ಇದಕ್ಕೆ ಕಾರಣ ಸಾಮಾನ್ಯವಾಗಿ ನಿಮ್ಮ ಕೈಯೂ ಅಲ್ಲ, ಮಷಿನ್ನೂ ಅಲ್ಲ. ಬ್ಲೇಡ್ ತಯಾರಾಗುವ ರೀತಿಯೇ ಹಾಗೆ.

ಉಕ್ಕಿನ ಪಟ್ಟಿಯಲ್ಲಿ ಹಲ್ಲು ಮಾಡುವಾಗ ಒಂದು ಬದಿಗೆ, ಹೆಚ್ಚಾಗಿ ಬಲಕ್ಕೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೂಪು ಉಳಿದುಬಿಡುತ್ತದೆ. ಬ್ಲೇಡ್ ಬಿಚ್ಚಿ ಎರಡೂ ಬದಿಯನ್ನು ಮೆಲ್ಲಗೆ ಸವರಿ ನೋಡಿ: ಒಂದು ಕಡೆ ನುಣುಪು, ಇನ್ನೊಂದು ಕಡೆ ತರಿತರಿ. ತರಿ ಇರುವ ಬದಿ ಮರವನ್ನು ಜಾಸ್ತಿ ಕೊರೆಯುತ್ತದೆ. ಹಾಗಾಗಿ ಬ್ಲೇಡ್ ಆ ಕಡೆಗೇ ಸರಿಯುತ್ತದೆ.

ಬಲವಂತವಾಗಿ ಎದುರು ತಳ್ಳಬೇಡಿ. ಬ್ಲೇಡ್ ಬಾಗುತ್ತದೆ, ಕೊನೆಗೆ ಮುರಿಯುತ್ತದೆ. ಬೇಡದ ತುಂಡಿನ ಮೇಲೆ ನೇರ ಗೆರೆ ಎಳೆದು ಕತ್ತರಿಸಿ. ಗೆರೆಯ ಮೇಲೇ ಬ್ಲೇಡ್ ಓಡುವವರೆಗೆ ಹಲಗೆಯನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡಿ. ಆ ಓರೆ ಸಿಕ್ಕಿದರೆ ಅದನ್ನೇ ಹಿಡಿದು ಮುಂದುವರಿಸಿ, ಕೈಗೆ ಬೇಗ ರೂಢಿಯಾಗುತ್ತದೆ. ಬ್ಲೇಡ್ ಸಡಿಲವಿದ್ದರೆ ಈ ಎಳೆತ ಇನ್ನೂ ಜಾಸ್ತಿ, ಮೊದಲು ಬಿಗಿ ನೋಡಿಕೊಳ್ಳಿ. ಸಾಣೆ ಹಿಡಿದು ಹಲ್ಲು ಮಾಡಿದ ಬ್ಲೇಡ್‌ಗಳು ಹೆಚ್ಚು ನೇರ ಹೋಗುತ್ತವೆ, ಬೆಲೆ ಮಾತ್ರ ಜಾಸ್ತಿ. ಸೂಕ್ಷ್ಮ ಅಕ್ಷರಗಳ ಕೆಲಸಕ್ಕೆ ಆ ದುಡ್ಡು ದಂಡವಲ್ಲ.