ಚೆಂಡೆ ಮುಟ್ಟದ ತಮ್ಮ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಚೆಂಡೆ ಅಂದರೆ ಜೀವ. ಈಗ ನಾಲ್ಕು ತಿಂಗಳಿಂದ ಅದನ್ನು ಮುಟ್ಟಿಲ್ಲ. ಊರಲ್ಲಿ ಯಕ್ಷಗಾನ ಆಟ ಇದ್ದರೂ ಹೋಗುವುದಿಲ್ಲ. ಅಡಿಕೆ ಹೆಕ್ಕಲು ಕರೆದರೆ ಏಳುವುದಕ್ಕೇ ಅರ್ಧ ಗಂಟೆ. ಅಪ್ಪ ‘ಬರೀ ಉದಾಸೀನ’ ಅಂತ ಬೈಯುತ್ತಾರೆ. ಹೌದಾ?
– ಓದುಗರೊಬ್ಬರು, ಬದಿಯಡ್ಕ (ಕಾಸರಗೋಡು ಜಿಲ್ಲೆ, ಕೇರಳ)

ಉತ್ತರ: ಅಕ್ಕಾ, ನಾನೂ ಕುಂಬಳೆ ಕಡೆಯವಳೇ. ಉದಾಸೀನ ಅನ್ನುವ ಮಾತು ನಮ್ಮಲ್ಲಿ ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಅಂತ ಗೊತ್ತು. ಆದರೆ ಸೋಮಾರಿಗೆ ಕೆಲಸ ಬೇಡ, ಆಟ ಬೇಕು. ನಿಮ್ಮ ತಮ್ಮನಿಗೆ ಆಟವೂ ಬೇಡವಾಗಿದೆ, ಅಲ್ವಾ?

ಇಷ್ಟದ್ದೂ ಹೀಗೆ ಬೇಡವಾಗುವುದು ಖಿನ್ನತೆಯ ಲಕ್ಷಣ ಇರಬಹುದು. ನನ್ನ ಪಿಎಚ್‌ಡಿ ಇದರ ಮೇಲೆಯೇ. ಬಂದವರ ತಲೆಗೆ ವಯರುಗಳಿರುವ ಟೊಪ್ಪಿ ಹಾಕಿ, ಕಂಪ್ಯೂಟರಿನಲ್ಲಿ ಎರಡು ಬಾಗಿಲು ತೋರಿಸುತ್ತೇವೆ. ಒಂದನ್ನು ಆರಿಸಬೇಕು. ಹಸಿರು ಬಾಣ ಬಂದರೆ ಸ್ವಲ್ಪ ದುಡ್ಡು, ಕೆಂಪು ಬಂದರೆ ನಷ್ಟ. ಹಸಿರು ಕಂಡು ಸೆಕೆಂಡಿನ ಮೂರನೇ ಒಂದು ಪಾಲು ಕಳೆಯುವುದರೊಳಗೆ ಮೆದುಳಿನಲ್ಲಿ ಸಣ್ಣ ಅಲೆಯೊಂದು ಏಳುತ್ತದೆ. ಖಿನ್ನತೆ ಇರುವವರಲ್ಲಿ, ಸರಾಸರಿ ನೋಡಿದರೆ, ಆ ಅಲೆ ಕಿರಿದು. ಅಷ್ಟು ಹೊತ್ತಿನಲ್ಲಿ ಯಾರೂ ನಟಿಸಲಾರರು. (ಒಬ್ಬರ ಅಲೆ ನೋಡಿ ಕಾಯಿಲೆ ಇದೆ, ಇಲ್ಲ ಅಂತ ಹೇಳಲು ಮಾತ್ರ ಆಗುವುದಿಲ್ಲ.)

ಆಟಕ್ಕೆ ಮುಂಚೆ ಕೇಳಿ (ಆಟ ಇದೆ ಅಂತ ಸಾರುವ ಚೆಂಡೆಯ ಸದ್ದು) ಬಡಿದಾಗ ಇನ್ನೂ ಒಂದು ವೇಷವೂ ಕಂಡಿರುವುದಿಲ್ಲ. ಆದರೂ ಕಾಲು ಗದ್ದೆ ಕಡೆ ಓಡುತ್ತದಲ್ಲ? ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಮಂಗಗಳಲ್ಲಿ ಕಂಡದ್ದೂ ಇಂಥದ್ದೇ. ಬೆಳಕು ಹತ್ತಿದರೆ ಹಣ್ಣಿನ ರಸ ಸಿಗುತ್ತದೆ ಅಂತ ಕಲಿತ ಮೇಲೆ, ಅವುಗಳ ಮೆದುಳಿನ ಡೋಪಮಿನ್ (ಆಸೆ ಹುಟ್ಟಿಸುವುದರಲ್ಲಿ ಪಾತ್ರವಿರುವ ರಾಸಾಯನಿಕ) ನರಕೋಶಗಳು ಬೆಳಕು ಕಂಡಾಗಲೇ ಚುರುಕಾಗುತ್ತಿದ್ದವು. ಖಿನ್ನತೆಯಲ್ಲಿ ಎಷ್ಟೋ ಸಲ ಕುಂದುವುದು ಈ ಮುಂಚಿನ ಆಸೆ. ಕೈಗೆ ಕೊಟ್ಟ ಹೋಳಿಗೆ ಸಿಹಿಯಾಗಿಯೇ ಇರುತ್ತದೆ. ಎದ್ದು ಹೋಗಿ ತರುವ ಮನಸ್ಸು ಬರುವುದಿಲ್ಲ.

ಅದಕ್ಕೇ ‘ಮನಸ್ಸು ಬಂದಾಗ ಬಾರಿಸಲಿ’ ಅಂತ ಸುಮ್ನೆ ಕಾಯಬೇಡಿ. ಚೆಂಡೆಯನ್ನು ಚೀಲದಿಂದ ತೆಗೆದು ಒರೆಸಿಡೋಣ ಅಂತ ಕರೆಯಿರಿ, ನೀವೂ ಪಕ್ಕದಲ್ಲಿ ಕೂರಿ. ಆ ದಿನಕ್ಕೆ ಅಷ್ಟು ಸಾಕು. ಬಾರಿಸು ಅಂತ ಒತ್ತಾಯ ಬೇಡ.

ಜೊತೆಗೆ ಮನೋವೈದ್ಯರಿಗೆ ತೋರಿಸಲೇಬೇಕು. ಆಸಕ್ತಿಯೇ ಇಲ್ಲದೆ 2 ವಾರ ಕಳೆದರೇ ಅವರು ಗಮನ ಕೊಡುತ್ತಾರೆ, ನಿಮ್ಮಲ್ಲಿ ನಾಲ್ಕು ತಿಂಗಳಾಗಿದೆ. ಬೇಜಾರನ್ನು ಮಲಯಾಳದಲ್ಲಿ ಹೇಳಿಕೊಳ್ಳಲಾಗದೆ ತಲೆಯಾಡಿಸಿ ಬರುವ ನಮ್ಮವರು ಜಾಸ್ತಿ, ಹಾಗಾಗಿ ನೀವೂ ಜೊತೆಗೆ ಹೋಗಿ. ಬೇಕಿದ್ದರೆ ಮಂಗಳೂರು ದೂರವಲ್ಲ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇದೆ, ಹಗಲೂ ರಾತ್ರಿಯೂ, ಉಚಿತ. ‘ಬದುಕೇ ಬೇಡ’ ಅನ್ನುವ ಮಾತು ಬಂದರೆ ಒಬ್ಬನನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಪುಟವನ್ನು ಅಪ್ಪನಿಗೂ ಓದಿ ಹೇಳಿ.