ಪಹಣಿಯ ಚುಕ್ಕಿ ದಶಮಾಂಶ ಅಲ್ಲ

ಅಣ್ಣಾ, ನರ್ಸರಿಗೆ ಅಡ್ವಾನ್ಸ್ ಕೊಡೋಕೆ ಮುಂಚೆ ಒಂಚೂರು ತಡೀರಿ. ಪಹಣೀಲಿ (ಜಮೀನಿನ ಆರ್‌ಟಿಸಿ ದಾಖಲೆ) 1.30.08 ಅಂತಿದೆ, ಅಂದ್ರೆ 1.3 ಎಕರೆ, ಒಂಬತ್ತಡಿ ಅಂತರಕ್ಕೆ 700 ಅಡಿಕೆ ಸಸಿ ಸಾಕಲ್ವಾ ಅಂತ ಕೇಳಿದೀರಿ. ಗುಣಾಕಾರ, ಭಾಗಾಕಾರ ಎಲ್ಲ ಸರಿ ಇದೆ. ಚುಕ್ಕಿ ಓದಿದ್ದು ಮಾತ್ರ ತಪ್ಪು.

ಆ ಚುಕ್ಕಿ ದಶಮಾಂಶದ್ದಲ್ಲ, ಬರೀ ಬೇಲಿ. ಬಸ್ಸು 1.30ಕ್ಕೆ ಅಂದ್ರೆ ಒಂದೂವರೆಗೆ ತಾನೇ ಹೋಗಿ ನಿಲ್ಲೋದು? ಹಾಗೇ ಇದು. ಮೊದಲನೇದು ಎಕರೆ, ನಡುವಿಂದು ಗುಂಟೆ, ಕೊನೇದು ಆಣೆ. 40 ಗುಂಟೆಗೆ ಒಂದೆಕರೆ, 16 ಆಣೆಗೆ ಒಂದು ಗುಂಟೆ. ಅಲ್ಲಿಗೆ ನಿಮ್ಮದು ಒಂದೆಕರೆ ಮೂವತ್ತೂವರೆ ಗುಂಟೆ, ಒಟ್ಟು 70.5 ಗುಂಟೆ. 40ರಿಂದ ಭಾಗಿಸಿದ್ರೆ 1.76 ಎಕರೆ. ಒಂದು ಗುಂಟೆ 33×33 ಅಡಿ, ಅಂದ್ರೆ 1089 ಚದರಡಿ; ಒಂದು ಸಸಿಗೆ 9×9, 81 ಚದರಡಿ. ಲೆಕ್ಕ 947 ಸಸಿಗೆ ಹೋಗುತ್ತೆ! ಇದರಲ್ಲಿ ಬದು, ದಾರಿ, ಬೋರ್‌ವೆಲ್ ಜಾಗ ಕಳೀರಿ. ಪಹಣೀಲಿ ಖರಾಬು (ಸಾಗುವಳಿಗೆ ಬಾರದ ಜಾಗ) ತೋರಿಸಿದ್ರೆ ಅದನ್ನೂ ಬಿಟ್ಟು, ಅಲ್ಲೇ "ಉಳಿದದ್ದು" ಅಂತ ಇರೋ ಅಂಕಿ ಹಿಡೀರಿ.

ನಾನೂ ಎಡವಿದವನೇ. ನಮ್ಮನೆ ಪಾಲಿನ ದಿನ 4.20 ಜಮೀನನ್ನ ಮೊಬೈಲಲ್ಲಿ ಮೂರರಿಂದ ಭಾಗಿಸಿ, ತಲಾ 1.40 ಅಂತ ಜೋರಾಗಿ ಹೇಳಿದೆ. ದೊಡ್ಡಪ್ಪ ಎಲೆ ಮಡಚ್ತಾ, "ಒಂದೆಕರೆ ನಲವತ್ತು ಗುಂಟೆ ಅಂದ್ರೆ ಎರಡೆಕರೆ. ಮೂವರಿಗೆ ಆರಾಯ್ತು. ಜಾಸ್ತಿ ಒಂದೂವರೆ ಎಕರೆ ಯಾರ ಗದ್ದೆ ಒತ್ತಿ ತರ್ತೀಯೋ?" ಅಂದ್ರು. 180 ಗುಂಟೆ, ತಲಾ 60, ಅಂದ್ರೆ 1.20. ಅವತ್ತಿಂದ ಕೂಡೋದು, ಕಳೆಯೋದು ಏನೇ ಇದ್ರೂ ಮೊದಲು ಪೂರ್ತಿ ಗುಂಟೆ ಮಾಡ್ಕೋತೀನಿ. 1.30ಕ್ಕೆ 0.25 ಸೇರಿದ್ರೆ 1.55 ಅಲ್ಲ, 95 ಗುಂಟೆ, ಅಂದ್ರೆ 2.15. ಪಹಣೀಲಿ ಚುಕ್ಕಿ ಆದ್ಮೇಲೆ ಗುಂಟೆ 40 ಮುಟ್ಟಿದ್ದೋ ದಾಟಿದ್ದೋ ಕಂಡ್ರೆ ಅಲ್ಲೇನೋ ಎಡವಟ್ಟಾಗಿದೆ ಅಂತಲೇ.

ನಿಮ್ಮ ಪ್ರಶ್ನೆಗೆ ಪುತ್ತೂರಿನವರೊಬ್ರು "1.3 ಸರಿಯಾಗೇ ಇದೆ" ಅಂತ ಉತ್ತರ ಕೊಟ್ಟಿದಾರೆ. ಅವರೂ ಸುಳ್ಳು ಹೇಳ್ತಿಲ್ಲ. ಪುತ್ತೂರು, ಮಂಗಳೂರು, ಉಡುಪಿ ಕಡೆ ಲೆಕ್ಕ ಗುಂಟೇಲಲ್ಲ, ಸೆಂಟ್ಸಲ್ಲಿ, 100 ಸೆಂಟ್ಸಿಗೆ ಒಂದೆಕರೆ. ಹಾಗಾಗಿ ಅವರ 1.30 ನಿಜವಾಗ್ಲೂ 1.3 ಎಕರೆನೇ. ಅಲ್ಲಿಯವರ ತೋಟದ ಗೊಬ್ಬರದ ಲೆಕ್ಕ ಕಾಪಿ ಮಾಡೋವಾಗ ಇದೊಂದು ನೆನಪಿರಲಿ.

ಡ್ರಿಪ್ (ಹನಿ ನೀರಾವರಿ) ಅರ್ಜೀಲಿ ಹೆಕ್ಟೇರ್ ಕೇಳಿದ್ರೆ, ಒಂದು ಹೆಕ್ಟೇರಿಗೆ 2.47 ಎಕರೆ, ಹಾಗಾಗಿ 1.76ನ್ನ 2.47ರಿಂದ ಭಾಗಿಸಿ 0.71 ಬರೀರಿ. ಈ ಚುಕ್ಕಿ ಮಾತ್ರ ಅಪ್ಪಟ ದಶಮಾಂಶ.